ಕೊನೆ ಬೆಂಚು

ಬೆಂಗಳೂರಿನ ಅಮೃತಹಳ್ಳಿ ಕೆರೆಯ ಸುತ್ತ ಸಂಜೆ ನಡೆಯುವವರಲ್ಲಿ ಎರಡು ಪಂಗಡ. ಕೈ ಬೀಸಿಕೊಂಡು ನಡೆಯುವವರು, ಮಾತಿಗೆ ಬಿದ್ದು ನಿಂತೇಬಿಡುವವರು. ನಾನು ಹೇಳಹೊರಟ ಇಬ್ಬರು ಎರಡನೆಯ ಪಂಗಡದವರು. ಒಬ್ಬರು ಸರ್ಕಾರಿ ಕಾಲೇಜುಗಳಲ್ಲಿ ಮೂವತ್ತಮೂರು ವರ್ಷ ಭೌತಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬರು ಅದೇ ಬೀದಿಯ ವಾಣಿಜ್ಯಶಾಸ್ತ್ರದ ಮೇಡಂ. ಏಳು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದು, 1242 ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ 2021ರಲ್ಲಿ ಅರ್ಜಿ ಕರೆದಾಗ ಹಾಕಿ, 2022ರ ಮಾರ್ಚಿನಲ್ಲಿ ಪರೀಕ್ಷೆ ಬರೆದು, ಆದೇಶ ಕೈಗೆ ಬರುವಷ್ಟರಲ್ಲಿ ಕಿವಿಯ ಪಕ್ಕ ನಾಲ್ಕು ಬಿಳಿ ಕೂದಲು ಬರಿಸಿಕೊಂಡವರು. ಹೊಸ ಅಧ್ಯಾಪಕರಿಗೆ ಕೊಡುವ ಒಂದು ತಿಂಗಳ ‘ಇಂಡಕ್ಷನ್’ ತರಬೇತಿ ಈಚೆಗಷ್ಟೇ ಮುಗಿದಿತ್ತು. ನಾನು ಅವರ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದೆ. ಕದ್ದು ಕೇಳಿದೆ ಅನ್ನಲಾರೆ. ಇಬ್ಬರೂ ತರಗತಿಯ ಗಂಟಲಿನವರು.

ಮೇಷ್ಟ್ರು: ಅಂತೂ ಸರ್ಟಿಫಿಕೇಟ್ ಬಂತು. ನಿಮಗೆ ಪಾಠ ಹೇಳೋಕೆ ಬರುತ್ತೆ ಅಂತ ಸರ್ಕಾರ ಒಪ್ಪಿಕೊಳ್ತು ಅನ್ನಿ.

ಮೇಡಂ: ನಗಬೇಡಿ ಸಾರ್. ನನಗೇ ನಗು ಬರ್ತಿತ್ತು. ಏಳು ವರ್ಷ ಪಾಠ ಮಾಡಿದವಳನ್ನ ‘ಹೊಸಬರು’ ಅಂತ ಕೂರಿಸಿದ್ರು. ನಿಜವಾಗಿ ಹೊಸಬಳಾಗಿದ್ದಾಗ, ಗೆಸ್ಟ್ ಆಗಿ ಹೋದ ಮೊದಲನೇ ದಿನ, ಏನು ಕೊಟ್ಟಿದ್ರು ಗೊತ್ತಾ? ಒಂದು ಅಟೆಂಡೆನ್ಸ್ ರಿಜಿಸ್ಟರು, ಎರಡು ತುಂಡು ಚಾಕ್‌ಪೀಸು. ‘ರೂಮ್ ನಂಬರ್ ಹನ್ನೆರಡು, ಮೇಲ್ಗಡೆ’ ಅಂದ್ರು, ಅಷ್ಟೇ. ಹೋಗಿ ನೋಡಿದ್ರೆ ಎಂಬತ್ತನಾಲ್ಕು ಜನ. ಕಾಲು ನಡುಗೋದು ಕಾಣದಿರಲಿ ಅಂತ ಮೇಜಿಗೆ ಒರಗಿ ನಿಂತಿದ್ದೆ.

ಮೇಷ್ಟ್ರು: ನಮಗೂ ಹಾಗೇ. ನೀರಿಗೆ ತಳ್ಳಿದ್ರು, ಈಜಿದ್ವಿ.

ಮೇಡಂ: ಈಜಿದವರು ಮಾತ್ರ ಹೀಗೆ ಹೇಳೋಕೆ ಉಳಿದಿರ್ತಾರೆ ಸಾರ್. ಅದೂ ಅಲ್ಲದೆ ಮುಳುಗಿದ್ದು ನಾವಲ್ಲ, ಹುಡುಗರು. ನೋಡಿ, ಒಂದನೇ ಕ್ಲಾಸಿಗೆ ಅ ಆ ಇ ಈ ಹೇಳೋರಿಗೆ ಡಿ.ಎಡ್. ಬೇಕು. ಹೈಸ್ಕೂಲಿಗೆ, ಪಿಯುಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗೆ ಬಂದ್ರೆ ನೆಟ್ಟು, ಇಲ್ಲಾ ಕೆ-ಸೆಟ್ಟು. ಮೊದಲನೇ ಪೇಪರಲ್ಲಿ ಐವತ್ತು ಪ್ರಶ್ನೆ, ಅದರಲ್ಲಿ ಬೋಧನೆ ಬಗ್ಗೆ ಅಂತ ನಾಲ್ಕೈದು. ಪಾಠ ಹೇಳೋಕೆ ಬರುತ್ತಾ ಅನ್ನೋದನ್ನ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುಂಡು ಸುತ್ತಿ ಸಾಬೀತು ಮಾಡಬೇಕು.

ಮೇಷ್ಟ್ರು: ವಿಷಯ ಗೊತ್ತಿದ್ರೆ ಪಾಠ ತಾನಾಗಿ ಬರುತ್ತೆ ಅಂತ ಇತ್ತಮ್ಮ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ. ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ, 1921ರಲ್ಲಿ, ಹುಡುಗರು ಗಾಡಿಯ ಕುದುರೆ ಬಿಚ್ಚಿ ತಾವೇ ಎಳ್ಕೊಂಡು ಸ್ಟೇಷನ್ನಿಗೆ ಹೋದ್ರು. ಯಾವ ಇಂಡಕ್ಷನ್ ಮಾಡಿದ್ರು ಅವರಿಗೆ? ಮಹಾರಾಜಾ ಕಾಲೇಜಿನ ಹಿರಿಯಣ್ಣನವರಿಗೆ ಯಾವ ಮಾಡ್ಯೂಲ್ ಇತ್ತು?

ಮೇಡಂ: ಅಲ್ಲೇ ನೀವು ಸಿಕ್ಕಿಬಿದ್ರಿ. ಹಿರಿಯಣ್ಣನವರು ಸೈದಾಪೇಟೆಯ ಟೀಚರ್ಸ್ ಕಾಲೇಜಲ್ಲಿ ಎಲ್.ಟಿ., ಅಂದ್ರೆ ಆಗಿನ ಬಿ.ಎಡ್., ಮಾಡಿದವರು. ಮೈಸೂರಿನ ನಾರ್ಮಲ್ ಸ್ಕೂಲಲ್ಲಿ ಮೇಷ್ಟ್ರಾಗಿದ್ದು, ಆಮೇಲೆ 1912ರಲ್ಲಿ ಮಹಾರಾಜಾ ಕಾಲೇಜಿಗೆ ಬಂದಿದ್ದು. ರಾಧಾಕೃಷ್ಣನ್ನೂ ಅದೇ ಸೈದಾಪೇಟೆಗೆ ಹೋಗಿದ್ರು, 1910ರಲ್ಲಿ. ನೀವು ಕೊಟ್ಟ ಎರಡು ಹೆಸರೂ ಟ್ರೈನಿಂಗ್ ಆದ ಹೆಸರೇ!

ಮೇಷ್ಟ್ರು ಒಂದು ಕ್ಷಣ ಸುಮ್ಮನಾದರು. ಸೋತರೇನೋ ಅಂದುಕೊಂಡೆ. ಇಲ್ಲ, ನೆನಪು ಕೆದಕುತ್ತಿದ್ದರು.

ಮೇಷ್ಟ್ರು: ಹೌದು ಹೌದು. ಆದರೆ ಅಲ್ಲಿ ಏನಾಯ್ತು ಅದನ್ನೂ ಹೇಳಿ. ರಾಧಾಕೃಷ್ಣನ್ ಬರೆದ ಉತ್ತರ ನೋಡಿ ಅಲ್ಲಿನ ಪ್ರೊಫೆಸರು, ‘ನೀನು ಕ್ಲಾಸಿಗೆ ಬರೋದು ಬೇಡ, ನಿನ್ನ ಜೊತೆಯವರಿಗೆ ನೀನೇ ಪಾಠ ಮಾಡು’ ಅಂದ್ರಂತೆ. ಆ ಹನ್ನೆರಡು ಉಪನ್ಯಾಸಗಳೇ ಆಮೇಲೆ ಮನಶ್ಶಾಸ್ತ್ರದ ಒಂದು ಪುಸ್ತಕ ಆದ್ವು. ಅಂದರೆ ಟ್ರೈನಿಂಗ್ ಕಾಲೇಜು ಅವರಿಗೆ ಮಾಡಿದ ದೊಡ್ಡ ಉಪಕಾರ ಏನು? ಟ್ರೈನಿಂಗ್‌ನಿಂದ ವಿನಾಯಿತಿ ಕೊಟ್ಟಿದ್ದು!

ಮೇಡಂ: ಅದೂ ಟ್ರೈನಿಂಗೇ ಸಾರ್. ಜೊತೆಯವರ ಮುಂದೆ ಹನ್ನೆರಡು ಸಲ ನಿಂತು ಪಾಠ ಮಾಡೋ ಅವಕಾಶ ನನಗೆ ಕೊಟ್ಟಿದ್ರೆ ನಾನೂ ಉದ್ಧಾರ ಆಗ್ತಿದ್ದೆ. ನನಗೆ ಸಿಕ್ಕಿದ್ದು ಐದು ನಿಮಿಷ. ಮೈಕ್ರೊ ಟೀಚಿಂಗ್ ಅಂತ. ಆನ್‌ಲೈನಲ್ಲಿ. ಎಲ್ಲರೂ ಮ್ಯೂಟು, ಕ್ಯಾಮೆರಾ ಆಫು. ನಲವತ್ತು ಕಪ್ಪು ಚೌಕಕ್ಕೆ ಪಾಠ ಮಾಡಿದೆ. ಕೊನೆಗೆ ಚಾಟಲ್ಲಿ ‘ನೈಸ್ ಪ್ರೆಸೆಂಟೇಷನ್ ಮೇಡಂ’ ಅಂತ ಹದಿನಾರು ಸಲ ಬಂತು.

ಮೇಷ್ಟ್ರು: (ನಕ್ಕು) ಈಗ ನೀವು ನನ್ನ ಕಡೆ ಬಂದ್ರಿ.

ಮೇಡಂ: ಇಲ್ಲ. ಮೈಕ್ರೊ ಟೀಚಿಂಗ್ ಕೆಟ್ಟದ್ದಲ್ಲ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರು ಮಾಡಿದಾಗ ಎದುರಿಗೆ ನಿಜವಾದ ಮಕ್ಕಳು ಇರ್ತಿದ್ರು. ಪಾಠ ಆದಮೇಲೆ ಅದರ ವಿಡಿಯೊ ತೋರಿಸಿ, ತಿದ್ದಿ, ಅದೇ ಪಾಠ ಮತ್ತೆ ಮಾಡಿಸ್ತಿದ್ರು. ಆ ‘ಮತ್ತೆ’ ಇದೆಯಲ್ಲ, ಅದೇ ಇಡೀ ವಿದ್ಯೆ. ನಮ್ಮಲ್ಲಿ ಅದನ್ನ ಕತ್ತರಿಸಿಬಿಟ್ರು.

ಅಷ್ಟರಲ್ಲಿ ಜಕ್ಕೂರಿನ ಕಡೆಯಿಂದ ಪುಟ್ಟ ತರಬೇತಿ ವಿಮಾನವೊಂದು ಗುರ್ರೆನ್ನುತ್ತ ಕೆರೆಯ ಮೇಲೆ ಬಾಗಿ ಹೋಯಿತು. ಈ ಕಡೆಯ ಮಕ್ಕಳು ಈಗ ಅದನ್ನು ತಲೆಯೆತ್ತಿಯೂ ನೋಡುವುದಿಲ್ಲ. ಮೇಡಂ ಬೆರಳೆತ್ತಿ ತೋರಿಸಿದರು.

ಮೇಡಂ: ಅಗೋ. ಆ ಹುಡುಗನ ಪಕ್ಕದಲ್ಲಿ ಒಬ್ಬ ಇನ್‌ಸ್ಟ್ರಕ್ಟರ್ ಕೂತಿರ್ತಾನೆ, ಅವನ ಕೈಯಲ್ಲೂ ಒಂದು ಸ್ಟಿಕ್ಕು. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಿಸಬೇಕು. ನಮ್ಮ ಪಕ್ಕ ಯಾರು ಕೂತಿದ್ರು?

ಮೇಷ್ಟ್ರು: ಚೆನ್ನಾಗಿದೆ, ಆದರೆ ಹೊಂದಲ್ಲ. ಪೈಲಟ್ ತಪ್ಪು ಮಾಡಿದ್ರೆ ಅವತ್ತೇ ಗೊತ್ತಾಗುತ್ತೆ. ಮೇಷ್ಟ್ರ ತಪ್ಪು ಮೂವತ್ತು ವರ್ಷ ಆದ್ರೂ ಗೊತ್ತಾಗಲ್ಲ, ಸಂಬಳ ಮಾತ್ರ ತಿಂಗಳು ತಿಂಗಳು ಬರ್ತಿರುತ್ತೆ. ಇಂಥ ಕಡೆ ಇನ್‌ಸ್ಟ್ರಕ್ಟರನ್ನ ಕೂರಿಸಿದ್ರೆ ಏನು ನೋಡಿ ತಿದ್ದಬೇಕು ಅವನು? ಅದಕ್ಕೇ ಕೊನೆಗೆ ಕಾಗದ ನೋಡ್ತಾರೆ. ಕಾಗದ ಆದ್ರೆ ಕಣ್ಣಿಗೆ ಕಾಣುತ್ತೆ.

ಮೇಡಂ: ಸಿಒ-ಪಿಒ ಮ್ಯಾಪಿಂಗು. ಯಾವ ಪಾಠದಿಂದ ಯಾವ ಗುಣ ಬರುತ್ತೆ ಅನ್ನೋ ಪಟ್ಟಿ.

ಮೇಷ್ಟ್ರು: ಅದೇ. ನಮ್ಮ ಕಾಲಕ್ಕೆ ಅದು ಇರಲಿಲ್ಲ. ಕೊನೆ ಎರಡು ವರ್ಷ ಕಾಲೇಜಿನ ಗುಣಮಟ್ಟ ಅಳೆಯೋ ನ್ಯಾಕ್ ಬಂತು ಅಂತ ನನ್ನ ಕೈಲೂ ಮಾಡಿಸಿದ್ರು. ಓಮನ ನಿಯಮ ಕಲಿತ್ರೆ ಹುಡುಗನಿಗೆ ‘ಸಾಮಾಜಿಕ ಜವಾಬ್ದಾರಿ’ ಎಷ್ಟು ಬರುತ್ತೆ, ಒಂದಾ ಎರಡಾ ಮೂರಾ, ಚೌಕದಲ್ಲಿ ತುಂಬಿ ಅಂದ್ರು. ಎರಡು ಅಂತ ಬರೆದೆ. ಯಾಕೆ ಎರಡು ಅಂತ ಇವತ್ತಿಗೂ ಯಾರೂ ಕೇಳಿಲ್ಲ.

ಮೇಡಂ: ನಾನು ಅದಕ್ಕೇ ಒಂದು ವಾರ ಕಳೆದೆ. ಇನ್ನೊಂದು ಕತೆ ಕೇಳಿ. 2021ರಲ್ಲಿ ರಾಜ್ಯ ಕೇಂದ್ರದ ಹೊಸ ಶಿಕ್ಷಣ ನೀತಿ ತಂತು, 2024ರಲ್ಲಿ ಬಿಟ್ಟು ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು. ಸರಿಯೋ ತಪ್ಪೋ ಅದು ಬೇರೆ ಮಾತು. ಆದರೆ ಬಡ್ತಿಗೆ ಲೆಕ್ಕಕ್ಕೆ ಬರುತ್ತೆ ಅಂತ ನನ್ನ ಜೊತೆಯವರು ಈಗಲೂ ಕೇಂದ್ರದವರು ನಡೆಸೋ, ಆ ನೀತಿ ಪರಿಚಯದ ಕೋರ್ಸಿಗೆ ಲಾಗಿನ್ ಆಗಿ, ಪಕ್ಕದಲ್ಲಿ ಫೋನ್ ಇಟ್ಕೊಂಡು ಪೇಪರ್ ವ್ಯಾಲ್ಯುಯೇಷನ್ ಮಾಡ್ತಾರೆ.

ಮೇಷ್ಟ್ರು: ಈ ಟ್ರೈನಿಂಗಿನ ಹೆಸರು ಬದಲಾಯಿಸ್ತಾ ಬಂದ್ರು, ನೋಡಿ. 1986ರ ಶಿಕ್ಷಣ ನೀತಿ ಆದಮೇಲೆ ಅಕಾಡೆಮಿಕ್ ಸ್ಟಾಫ್ ಕಾಲೇಜು ಅಂತ ಬಂತು. ಬೆಂಗಳೂರು, ಮೈಸೂರು, ಧಾರವಾಡ ಎಲ್ಲಾ ಕಡೆ ಆಯ್ತು. 2015ರಲ್ಲಿ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಆಯ್ತು. ಈಗ ಮಾಳವೀಯ ಮಿಷನ್ನು. ನಡುವೆ 2019ರಲ್ಲಿ ಗುರು ದಕ್ಷತಾ ಅಂತ ಒಂದು. ಬೋರ್ಡು ಬರೆಯೋನಿಗೆ ಒಳ್ಳೆ ಕೆಲಸ.

ಮೇಡಂ: ನೀವು ಹೋಗಿದ್ರಲ್ಲ ಆಗ? ಏನೂ ಕಲೀಲೇ ಇಲ್ವಾ?

ಮೇಷ್ಟ್ರು: ಯಾವೂರು ಅಂತ ಹೇಳಲ್ಲ. ನಾಲ್ಕು ವಾರ. ‘ಉಪನ್ಯಾಸ ಪದ್ಧತಿಯ ಮಿತಿಗಳು’ ಅಂತ ಒಬ್ಬರು ಎರಡೂವರೆ ಗಂಟೆ ಉಪನ್ಯಾಸ ಕೊಟ್ರು. ನಿದ್ದೆ ಬಂತು. ಆದರೆ ಹಾಸ್ಟೆಲಲ್ಲಿ ಬೀದರ್ ಕಡೆಯ ಒಬ್ಬ ಕನ್ನಡ ಮೇಷ್ಟ್ರು ನನ್ನ ರೂಮಿನಲ್ಲಿದ್ರು. ರಾತ್ರಿ ಜಗಲಿ ಮೇಲೆ ಕೂತು ಮಾತಾಡ್ತಾ ಒಂದು ಮಾತು ಹೇಳಿದ್ರು: ‘ಪ್ರಶ್ನೆ ಕೇಳಿದ ಮ್ಯಾಲ ಸುಮ್ಮನ ನಿಂದರ್ರಿ. ಕಿಟಕಿ ಹೊರಗ ನೋಡ್ರಿ. ಯಾರಿಗಾರ ತಡಕೊಳ್ಳಾಕ ಆಗಂಗಿಲ್ಲ, ಬಾಯಿ ಬಿಡ್ತಾರ.’ ಅದುವರೆಗೆ ನಾನು ಪ್ರಶ್ನೆ ಕೇಳಿ, ಉಸಿರು ತಗೊಳ್ಳೋದರೊಳಗೆ ನಾನೇ ಉತ್ತರ ಹೇಳ್ತಿದ್ದೆ. ವಾಪಸ್ ಬಂದು ಮಾಡಿ ನೋಡಿದೆ. ಮೊದಲ ದಿನ ಮೈ ಬೆವರಿತು. ಮೂರನೇ ದಿನ ಕೊನೆ ಸಾಲಿಂದ ಒಬ್ಬ ಮಾತಾಡಿದ. ತಪ್ಪು ಉತ್ತರ, ಆದರೆ ಎಂಥಾ ತಪ್ಪು ಅಂತೀರಿ! ಆ ತಪ್ಪಿನ ಮೇಲೆ ಇಡೀ ಗಂಟೆ ಪಾಠ ಮಾಡಿದೆ.

ಮೇಡಂ: ಸಾರ್, ಅದು ನಮ್ಮ ಸ್ಲೈಡಲ್ಲಿ ಇತ್ತು! ‘ವೇಟ್ ಟೈಮ್’ ಅಂತಾರೆ. ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲಿ ಕ್ಲಾಸುಗಳ ಟೇಪ್ ಕೇಳಿ ಲೆಕ್ಕ ಹಾಕಿದ್ರು. ಟೀಚರುಗಳು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡ್ ಕಾಯ್ತಾರಂತೆ. ಮೂರು ಸೆಕೆಂಡಿಗೆ ಏರಿಸಿದ್ರೆ ಉತ್ತರಗಳು ಉದ್ದ ಆಗ್ತವೆ, ಬಾಯಿ ಬಿಡದವರೂ ಬಿಡ್ತಾರೆ.

ಮೇಷ್ಟ್ರು: ನೋಡಿದ್ರಾ. ಜಗಲಿ ಮೇಲೆ ಪುಕ್ಕಟೆ ಸಿಗೋದಕ್ಕೆ ಮಿಷನ್ನು ಬೇಕಾ?

ಮೇಡಂ: ಆ ಜಗಲಿ ಕಟ್ಟಿಸಿದ್ದೇ ಆ ಸ್ಟಾಫ್ ಕಾಲೇಜು ಸಾರ್. ಬೀದರ್ ಮೇಷ್ಟ್ರು ನಿಮ್ಮ ಮನೆಗೆ ಹುಡುಕ್ಕೊಂಡು ಬರ್ತಿದ್ರಾ? ನಾಲ್ಕು ವಾರ ಇಬ್ಬರನ್ನೂ ಒಂದು ರೂಮಲ್ಲಿ ಹಾಕಿದ್ದಕ್ಕೆ ಆಗಿದ್ದು. ಈಗ ಆನ್‌ಲೈನ್ ಮಾಡಿ ಸ್ಲೈಡ್ ಉಳಿಸಿಕೊಂಡ್ರು, ಜಗಲಿ ತೆಗೆದ್ರು.

ಇದಕ್ಕೆ ಮೇಷ್ಟ್ರು ತಲೆಯಾಡಿಸಿದರು. ಒಪ್ಪಿದರೋ ಸೊಳ್ಳೆ ಓಡಿಸಿದರೋ ಹೇಳಲಾರೆ. ಬಳ್ಳಾರಿ ರಸ್ತೆಯ ಕಡೆ ಮೆಟ್ರೊ ಕಂಬಗಳ ಮೇಲೆ ದೀಪ ಹತ್ತಿದವು. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಮೇಡಂ ದನಿ ತಗ್ಗಿಸಿ ಹೇಳಿದ್ದು ನನಗೆ ಆ ಸಂಜೆಯ ಗಟ್ಟಿ ಮಾತು ಅನ್ನಿಸಿತು.

ಮೇಡಂ: ಆದರೆ ಒಂದು ತಪ್ಪೊಪ್ಪಿಗೆ ಇದೆ. ಇಂಡಕ್ಷನ್ ಮುಗಿಸಿ ಹೋದ ಎರಡನೇ ದಿನ ಡಿಪ್ರಿಸಿಯೇಷನ್ ಪಾಠ. ನಮ್ಮ ಹುಡುಗರು ನಿಮಗೆ ಗೊತ್ತು. ಹತ್ತನೇ ಕ್ಲಾಸು ತನಕ ಕನ್ನಡ, ಇಲ್ಲಿ ಬಿ.ಕಾಂ. ಇಂಗ್ಲಿಷಲ್ಲಿ. ‘ಡಿಪ್ರಿಸಿಯೇಷನ್’ ಅಂದ್ರೆ ಅರ್ಧ ಕ್ಲಾಸು ಮುಖ ಮುಖ ನೋಡ್ಕೊಳ್ಳುತ್ತೆ. ‘ಸವಕಳಿ’ ಅಂದೆ. ಬೆಳಕು ಬಂತು. ಮೊದಲನೇ ಬೆಂಚಲ್ಲಿ ಒಬ್ಬ ಯಾವಾಗಲೂ ತೂಕಡಿಸ್ತಿದ್ದ, ರಾತ್ರಿ ಹನ್ನೆರಡರ ತನಕ ಹೆಬ್ಬಾಳ, ಮಾನ್ಯತಾ ಟೆಕ್ ಪಾರ್ಕ್ ಕಡೆ ಊಟ ಡೆಲಿವರಿ ಮಾಡೋನು. ಅವನನ್ನೇ ಎಬ್ಬಿಸಿದೆ. ‘ನಿನ್ನ ಬೈಕು ಎಷ್ಟಕ್ಕೆ ತಗೊಂಡೆ?’ ‘ಸೆಕೆಂಡ್ ಹ್ಯಾಂಡು ಮೇಡಂ, ಅರವತ್ತು ಸಾವಿರ.’ ‘ಐದು ವರ್ಷ ಆದಮೇಲೆ ಹತ್ತು ಸಾವಿರಕ್ಕೆ ಹೋಗುತ್ತೆ ಅಂದ್ಕೊ. ವರ್ಷಕ್ಕೆ ಎಷ್ಟು ಸವಕಳಿ?’ ‘ಹತ್ತು ಸಾವಿರ.’ ಎಲ್ಲರೂ ಬರ್ಕೊಂಡ್ರು. ನನಗೆ ಖುಷಿಯೋ ಖುಷಿ.

ಮೇಷ್ಟ್ರು: ಒಳ್ಳೆ ಪಾಠ. ಇದರಲ್ಲಿ ತಪ್ಪೇನು?

ಮೇಡಂ: ಮುಗೀಲಿಲ್ಲ. ಅವನು ಕೂರಲಿಲ್ಲ, ನಿಂತೇ ಇದ್ದ. ‘ಮೇಡಂ, ನಮ್ಮಪ್ಪನದೂ ಇದೇ ಬೈಕು. ಭಾನುವಾರ ಮಾತ್ರ ತೆಗೀತಾರೆ. ನಾನು ದಿನಾ ನೂರು ಕಿಲೋಮೀಟರ್ ಹೊಡೀತೀನಿ. ಇಬ್ಬರದೂ ವರ್ಷಕ್ಕೆ ಹತ್ತೇ ಸಾವಿರ ಸವೆಯುತ್ತಾ? ಬೈಕು ವರ್ಷಕ್ಕೆ ಸವೆಯಲ್ಲ ಮೇಡಂ, ಕಿಲೋಮೀಟರಿಗೆ ಸವೆಯುತ್ತೆ.’

ಮೇಷ್ಟ್ರು: ಅಬ್ಬಾ!

ಮೇಡಂ: ಅದಕ್ಕೊಂದು ಪದ್ಧತಿಯೇ ಇದೆ ಸಾರ್. ಮೈಲೇಜ್ ಮೆಥಡ್ಡು. ಲಾರಿ, ಬಸ್ಸಿಗೆ ಹಾಗೇ ಲೆಕ್ಕ ಹಾಕ್ತಾರೆ. ಅವನು ಪುಸ್ತಕ ಓದದೆ ತಲುಪಿದ್ದ. ಹಿಂದಿನ ವಾರವಷ್ಟೇ ‘ಕಲಿಯುವವರ ಪೂರ್ವಜ್ಞಾನದ ಮೇಲೆ ಕಟ್ಟಿ’ ಅಂತ ನಾನು ಅಸೈನ್‌ಮೆಂಟ್ ಬರೆದು ಎ ಪ್ಲಸ್ ತಗೊಂಡಿದ್ದೆ. ನಾನು ಏನಂದೆ ಗೊತ್ತಾ? ‘ಅದು ಸಿಲೆಬಸ್‌ನಲ್ಲಿಲ್ಲ, ಪರೀಕ್ಷೆಗೆ ಬರಲ್ಲ, ಕೂತ್ಕೊ.’ ಬೆಲ್ ಆಗೋಕೆ ಹತ್ತು ನಿಮಿಷ ಇತ್ತು, ಎರಡು ಲೆಕ್ಕ ಮುಗಿಸಬೇಕಿತ್ತು. ಬಾಯಿಂದ ಬಂದೇಬಿಡ್ತು. ಅವನು ಕೂತ. ಆಮೇಲೆ ಕೈ ಎತ್ತಿಲ್ಲ. ತೂಕಡಿಸೋದೂ ಬಿಟ್ಟಿದಾನೆ, ಅದು ಇನ್ನೂ ಸಂಕಟ.

ಮೇಷ್ಟ್ರು: ನೋಡಿ, ಇದನ್ನೇ ನಾನು ಅಂದಿದ್ದು. ಗೊತ್ತಿರೋದು ಬೇರೆ, ಆ ಗಳಿಗೆಗೆ ಒದಗೋದು ಬೇರೆ. ಒದಗೋದನ್ನ ಯಾವ ಕೋರ್ಸೂ ಕೊಡಲ್ಲ.

ಮೇಡಂ: ಕೋರ್ಸ್ ಕೊಡಲಿಲ್ಲ, ಒಪ್ತೀನಿ. ಆದರೆ ಕೋರ್ಸ್ ಆಗಿರಲಿಲ್ಲ ಅಂದ್ರೆ ನಾನು ಮಾಡಿದ್ದು ತಪ್ಪು ಅಂತಲೇ ಗೊತ್ತಾಗ್ತಿರಲಿಲ್ಲ. ಏಳು ವರ್ಷದಲ್ಲಿ ಇಂಥವರನ್ನ ಎಷ್ಟು ಜನರನ್ನ ಕೂರಿಸಿದೀನೋ! ಆಗ ನಿದ್ದೆ ಚೆನ್ನಾಗಿ ಬರ್ತಿತ್ತು. ನನ್ನ ಸಿಟ್ಟು ಬೇರೆ: ಒಂದು ತಿಂಗಳಲ್ಲಿ, ಕನ್ನಡದಲ್ಲಿ ಅರ್ಥ ಮಾಡಿಸಿ ಇಂಗ್ಲಿಷಲ್ಲಿ ಬರೆಸೋದು ಹೇಗೆ ಅಂತ ಒಂದು ಗಂಟೆಯೂ ಮಾತಿಲ್ಲ. ನಾವು ದಿನಾ ಮಾಡೋ ಕೆಲಸವೇ ಅದು. ನಾನು ಮಾತು ತೆಗೆದಾಗ ‘ಮಾಧ್ಯಮದ ಸಮಸ್ಯೆ ಇಲ್ಲಿ ಬೇಡ’ ಅಂದ್ರು. ಸಮಸ್ಯೆ ಅಲ್ಲ ಸಾರ್ ಅದು, ಕಸುಬು. ಯಾವ ಪದವನ್ನ ಕನ್ನಡದಲ್ಲಿ ಬಿಡಬೇಕು, ಯಾವುದನ್ನ ಹಾಗೇ ಇಂಗ್ಲಿಷಲ್ಲಿ ಇಡಬೇಕು, ಯಾವಾಗ ದಾಟಿಸಬೇಕು ಅಂತ ಇಡೀ ಕರ್ನಾಟಕದ ಮೇಷ್ಟ್ರುಗಳು ಒಬ್ಬೊಬ್ಬರೇ, ಕದ್ದುಮುಚ್ಚಿ ಕಲೀತಿದಾರೆ.

ಮೇಷ್ಟ್ರು: ಕದ್ದುಮುಚ್ಚಿ, ಸರಿಯಾದ ಮಾತು. ಕನ್ನಡದಲ್ಲಿ ಪಾಠ ಮಾಡ್ತಿದ್ದಾಗ ಪ್ರಿನ್ಸಿಪಾಲ್ ಕಾರಿಡಾರಲ್ಲಿ ಬಂದ್ರೆ ತಟ್ಟನೆ ಇಂಗ್ಲಿಷಿಗೆ ಹೊರಳ್ತಿದ್ದೆ ನಾನು. ಹುಡುಗರಿಗೆ ಗೊತ್ತಾಗಿ ನಗೋರು. (ತಡೆದು) ನನಗೂ ಒಂದು ಹೇಳೋದಿದೆ. ಮೂವತ್ತಮೂರು ವರ್ಷದಲ್ಲಿ ನನ್ನ ಪಾಠ ನೋಡಿ ಒಂದು ಮಾತು ಹೇಳಿದವನು ಒಬ್ಬನೇ. ನಮ್ಮ ಅಟೆಂಡರ್. ಬೆಲ್ ಹೊಡೆಯೋಕೆ ಕಿಟಕಿ ಪಕ್ಕ ನಿಂತಿರ್ತಿದ್ದ. ಒಂದು ದಿನ ಟೀ ಕೊಡ್ತಾ, ‘ಸಾರ್, ತಪ್ಪು ತಿಳೀಬೇಡಿ, ನೀವು ಬೋರ್ಡ್ ಜೊತೆ ಮಾತಾಡ್ತೀರ’ ಅಂದ. ಅವತ್ತಿಂದ ತಿರುಗಿ ನಿಂತೆ. ಅವನಿಗೆ ಯಾವ ಯುಜಿಸಿ ಟ್ರೈನಿಂಗ್ ಕೊಟ್ಟಿತ್ತು?

ಮೇಡಂ: ಅದು ನಿಮ್ಮ ಸರ್ವೀಸಿನ ಎಷ್ಟನೇ ವರ್ಷ?

ಮೇಷ್ಟ್ರು: ಹನ್ನೊಂದು... ಹನ್ನೆರಡು ಇರಬೇಕು.

ಮೇಡಂ: ಅಂದ್ರೆ ಹತ್ತು ಬ್ಯಾಚು ನಿಮ್ಮ ಬೆನ್ನು ನೋಡ್ಕೊಂಡು ಹೋದ್ವು.

ಒರಟಾಗಿಯೇ ಬಂತು ಮಾತು. ಆಡಿದ ಮೇಲೆ ಮೇಡಮ್ಮಿಗೂ ಹಾಗನ್ನಿಸಿರಬೇಕು, ನೀರಿನ ಬಾಟಲಿಯ ಮುಚ್ಚಳ ತಿರುವುತ್ತ ಕೂತರು. ಮೇಷ್ಟ್ರು ಕೋಪಿಸಿಕೊಳ್ಳಲಿಲ್ಲ.

ಮೇಷ್ಟ್ರು: ಹೋದ್ವು. ಇಲ್ಲ ಅನ್ನಲ್ಲ. ಆದರೆ ಅಟೆಂಡರ್ ಜಾಗದಲ್ಲಿ ಪ್ರಿನ್ಸಿಪಾಲ್ ನಿಂತಿದ್ರೆ? ಅದು ಪಾಠ ನೋಡೋದಲ್ಲ, ಇನ್‌ಸ್ಪೆಕ್ಷನ್ನು. ಕಾನ್ಫಿಡೆನ್ಷಿಯಲ್ ರಿಪೋರ್ಟಿಗೆ ಹೋಗುತ್ತೆ. ನೀವು ಗೆಸ್ಟ್ ಆಗಿದ್ದಾಗ ಎಚ್‌ಒಡಿ ಬಂದು ಹಿಂದೆ ಕೂತಿದ್ರೆ ಪಾಠ ಸುಧಾರಿಸ್ತಿತ್ತಾ, ಇಲ್ಲಾ ಬಾಯಿ ಒಣಗ್ತಿತ್ತಾ? ಅಟೆಂಡರ್ ಮಾತು ಯಾಕೆ ನಾಟಿತು ಅಂದ್ರೆ ಅವನಿಂದ ನನಗೆ ಆಗಬೇಕಾದ್ದು, ಹೋಗಬೇಕಾದ್ದು ಏನೂ ಇರಲಿಲ್ಲ.

ಮೇಡಂ: ಬಾಯಿ ಒಣಗ್ತಿತ್ತು. ವರ್ಕ್‌ಲೋಡ್ ಹಂಚೋರೇ ಅವರು. 2022ರಲ್ಲಿ ಗೌರವಧನ ಏರಿಸಿದಾಗ ವಾರಕ್ಕೆ ಹದಿನೈದು ಗಂಟೆ ಅಂತ ಮಾಡಿದ್ರಲ್ಲ, ಮೂವರ ಪಾಲು ಇಬ್ಬರಿಗೆ ಹೋಗಿ ಒಬ್ಬರು ಮನೆಗೆ ಹೋದ್ರು. ಯಾರು ಅನ್ನೋದು ಎಷ್ಟು ತೆಳ್ಳನೆ ದಾರದಲ್ಲಿ ನಿಂತಿತ್ತು ಅಂತ ನನಗೆ ಗೊತ್ತು. ಆದರೂ... ಇಲ್ಲೇ ಜಿಕೆವಿಕೆ ನೋಡಿ, ಕೃಷಿ ವಿಶ್ವವಿದ್ಯಾಲಯ. ರೈತನಿಗೆ ಹೊಸ ರಾಗಿ ತಳಿ ಒಪ್ಪಿಸಬೇಕು ಅಂದ್ರೆ ಭಾಷಣ ಬಿಗಿದು ಬಿಡಲ್ಲ, ಅವನ ಹೊಲದಲ್ಲೇ ಒಂದು ಪ್ರಾತ್ಯಕ್ಷಿಕೆ ತಾಕು ಮಾಡ್ತಾರೆ. ಕೊನೆ ವರ್ಷದ ಹುಡುಗರನ್ನ ಹಳ್ಳಿಯಲ್ಲಿ ಇರೋಕೆ ಕಳಿಸ್ತಾರೆ. ನಮ್ಮ ಹೊಲ ಅಂದ್ರೆ ಆ ರೂಮ್ ನಂಬರ್ ಹನ್ನೆರಡು. ಅಲ್ಲಿಗೆ ಮಾತ್ರ ಯಾರೂ ಬರಲ್ಲ.

ಮೇಷ್ಟ್ರು: ವಾರಕ್ಕೆ ಹದಿನಾರು ಗಂಟೆ ಪಾಠ ಇರೋನು ಇನ್ನೊಬ್ಬನ ಕ್ಲಾಸಲ್ಲಿ ಹೋಗಿ ಕೂರೋಕೆ ಯಾವಾಗ ಹೋಗ್ತಾನೆ? ಸ್ಕಾಲರ್‌ಶಿಪ್ ಅರ್ಜಿ, ಅಡ್ಮಿಷನ್ನು, ಎಲೆಕ್ಷನ್ ಡ್ಯೂಟಿ ಬೇರೆ. ಬ್ರಿಟನ್ನಿನಲ್ಲಿ 1997ರಲ್ಲಿ ಡಿಯರಿಂಗ್ ಸಮಿತಿ ಹೊಸ ಅಧ್ಯಾಪಕರಿಗೆ ತರಬೇತಿ ಬೇಕು ಅಂತು, ಅಲ್ಲಿ ನಡೀತು. ನಮ್ಮಲ್ಲಿ ಮೊದಲು ಮೇಷ್ಟ್ರುಗಳನ್ನ ತುಂಬಲಿ, ಆಮೇಲೆ ತಿದ್ದೋದು.

ಮೇಡಂ: ತುಂಬೋ ತನಕ ತಿದ್ದೋದು ಬೇಡ ಅಂದ್ರೆ ನಾನೂ ರಿಟೈರ್ ಆಗ್ತೀನಿ.

ಮೇಷ್ಟ್ರು: (ಕನ್ನಡಕ ಒರೆಸುತ್ತ) ನಾನಂತೂ ಆಗಿದೀನಿ. ನನ್ನಿಂದ ನಿಮಗೆ ಆಗಬೇಕಾದ್ದು ಏನೂ ಇಲ್ಲ, ಕಾನ್ಫಿಡೆನ್ಷಿಯಲ್ ರಿಪೋರ್ಟೂ ಬರೆಯಲ್ಲ. ಸೋಮವಾರ ಬಂದು ಕೂರಲಾ? ಕಾಮರ್ಸು ಗೊತ್ತಿಲ್ಲ, ಅದೇ ಅನುಕೂಲ. ಅರ್ಥ ಆಗದಿದ್ದಾಗ ಆಗಲಿಲ್ಲ ಅಂತೀನಿ.

ಮೇಡಂ: ಬನ್ನಿ. ಗೇಟಲ್ಲಿ ಪುಸ್ತಕ ಇದೆ, ಯಾಕೆ ಬಂದ್ರಿ ಅಂತ ಬರೀಬೇಕು. ‘ಪೋಷಕರು’ ಅಂತ ಬರೀರಿ, ಇಲ್ಲಾಂದ್ರೆ ಬಿಡಲ್ಲ. ಕೊನೆ ಬೆಂಚಿಗೆ ಫ್ಯಾನಿಲ್ಲ, ಮೊದಲೇ ಹೇಳಿದೀನಿ. ಬಿಸಿಲು ಬಿದ್ದು ಬೋರ್ಡೂ ಸರಿಯಾಗಿ ಕಾಣಲ್ಲ.

ಮೇಷ್ಟ್ರು: ಏಳು ವರ್ಷದಿಂದ ಕಾಣಲ್ವಾ?

ಮೇಡಂ: ನನಗೆ ಗೊತ್ತಾಗಿದ್ದು ಹೋದ ತಿಂಗಳು. ಆ ಕಡೆ ಹೋಗಿ ಕೂತು ನೋಡಿದಾಗ. ಆದರೆ ಒಂದು ಷರತ್ತು ಸಾರ್. ಮುಂದಿನ ವಾರ ನೀವು ಅದೇ ರೂಮಲ್ಲಿ ಒಂದು ಗಂಟೆ ಪಾಠ ಮಾಡಬೇಕು, ನಾನು ಹಿಂದೆ ಕೂತು ಬರ್ಕೊಳ್ತೀನಿ. ಮಾಡ್ತೀರಾ?

ಮೇಷ್ಟ್ರು ಕೆರೆಯ ಕಡೆ ನೋಡಿದರು. ಕಾಫಿಪುಡಿ ತರಬೇಕಿತ್ತು ಅಂತ ಗೊಣಗಿದರು, ಆದರೆ ಏಳಲಿಲ್ಲ. ಮೇಡಂ ಏನೂ ಹೇಳಲಿಲ್ಲ. ಮುಖ ತಿರುಗಿಸಿ, ನೀರಿನಾಚೆಯ ಮನೆಗಳ ಕಿಟಕಿಗಳನ್ನು ನೋಡುತ್ತ ಕೂತರು. ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಮೂರು ದಾಟಿತು, ಹತ್ತೂ ದಾಟಿತು.

‘ಹುಡುಗರು ಎಷ್ಟು ಜನ ಅಂದ್ರಿ?’ ಅಂದರು ಮೇಷ್ಟ್ರು.